ಒಮ್ಮೀನೂ ಇಲ್ರಿ

ಉತ್ತರ ಕೊಡುವ ಮೊದಲು ಅವ್ವ ಅಣ್ಣನ ಮುಖ ನೋಡಿದಳು. ನೋಟ ಒಂದು ಗಳಿಗೆಯದ್ದು. ಪಕ್ಕದಲ್ಲೇ ಕೂತಿರದಿದ್ದರೆ ನನಗೂ ಅದು ಕಾಣುತ್ತಿರಲಿಲ್ಲ. ಪ್ರಶ್ನೆಯೇನೋ ತೀರ ಸಾದಾ. "ಹೋದ ವರ್ಷದಾಗ ಎಷ್ಟ ಸಲ ಬಿದ್ದೀರಿ, ಅಮ್ಮಾ?" ಕೇಳಿದವಳು ಬೆಳಗಾವಿಯ ಒಂದು ಫಿಸಿಯೋಥೆರಪಿ ವಿಭಾಗದ ಹುಡುಗಿ. ಅವ್ವನ ಮೊಣಕಾಲು ನೋವಿಗೆಂದು ಕಟಕೋಳದಿಂದ ನಸುಕಿನಲ್ಲೇ ಹೊರಟು, ಯರಗಟ್ಟಿಯಲ್ಲಿ ಚಹಾ ಕುಡಿದು ಬಂದಿದ್ದೆವು. "ಒಮ್ಮೀನೂ ಇಲ್ರಿ" ಎಂದಳು ಅವ್ವ. ಹುಡುಗಿ ಫಾರ್ಮಿನಲ್ಲಿ ಸೊನ್ನೆ ಬರೆದುಕೊಂಡಳು.

ಕೆಲವು ವಾರಗಳ ಮೇಲೆ ನಾನು ಊರಿಗೆ ಹೋಗಿದ್ದಾಗ ವೈನಿ ಹಿತ್ತಲಲ್ಲಿ ಬಾಂಡೆ ತಿಕ್ಕುತ್ತ, ತಲೆ ಎತ್ತದೆಯೇ, ಒಂದು ಮಾತು ಹೇಳಿದಳು. ಬೆಳಗಾವಿಗೆ ಹೋಗುವ ಮೊದಲೇ ಬಚ್ಚಲಿನ ಮೋರಿಯ ಬಾಯಲ್ಲಿ ಆಕೆಗೆ ಹಸಿರು ಬಳೆಯ ಚೂರು ಸಿಕ್ಕಿತ್ತಂತೆ. ಅವತ್ತಿನಿಂದ ಅವ್ವ ಸೆರಗನ್ನು ಬಲಗೈಯ ಮೇಲೆ ಎಳೆದುಕೊಂಡೇ ಕೂಡುತ್ತಿದ್ದಳಂತೆ. ಸೆರಗು ಸರಿದ ಒಂದು ಹೊತ್ತಿನಲ್ಲಿ ಮೊಳಕೈ ಕೆಳಗೆ ನೇರಳೆ ಬಣ್ಣಕ್ಕೆ ತಿರುಗಿದ ಬಾವು ಕಂಡಿತಂತೆ.

"ಮತ್ತ ಯಾಕ ಹೇಳಲಿಲ್ಲ ವೈನಿ?"

"ಹೇಳಿದ್ರ ನಿಮ್ಮಣ್ಣ ಅತ್ತೀನ್ನ ಬಚ್ಚಲಕ್ಕೂ ಒಬ್ಬಾಕಿನ್ನ ಬಿಡಂಗಿಲ್ಲ. ಓಣ್ಯಾಗಿನ ಮಂದಿ, ಸೊಸಿ ಎಲ್ಲಿ ಹೋಗಿದ್ಲು ಅಂತ ಕೇಳ್ತಾರ. ಅತ್ತೀನೂ ಬ್ಯಾಡ ಅಂದ್ರು. ನಾನೂ ಸುಮ್ಮನಾದೆ."

ಇಬ್ಬರು ಹೆಂಗಸರು ಒಂದು ಮನೆಯಲ್ಲಿ ಇಷ್ಟು ಬೇಗ ಒಮ್ಮತಕ್ಕೆ ಬಂದದ್ದು ನಾನು ಕಂಡಂತೆ ಅಪರೂಪ. ಒಬ್ಬಳಿಗೆ ತಿರುಗಾಡುವ ಸ್ವಾತಂತ್ರ್ಯ ಉಳಿಯಬೇಕಿತ್ತು, ಇನ್ನೊಬ್ಬಳಿಗೆ ಹೆಸರು. ಈ ಎರಡರ ನಡುವೆ ಬಿದ್ದ ಸಂಗತಿ ಮುಚ್ಚಿಹೋಯಿತು.

ಇದನ್ನು ಸುಳ್ಳು ಎಂದು ಕರೆಯಲು ನನಗೆ ಮನಸ್ಸಿಲ್ಲ. ಹುಡುಗಿ ಕೇಳಿದ ಪ್ರಶ್ನೆಗೆ ಅವ್ವ ಉತ್ತರ ಕೊಟ್ಟದ್ದು ಹುಡುಗಿಗಲ್ಲ, ಅಣ್ಣನಿಗೆ. ಮುಪ್ಪಿನ ಬೀಳುವಿಕೆಯನ್ನು ಅಭ್ಯಾಸ ಮಾಡಿದವರಿಗೆ ಈ ಸೊನ್ನೆಯ ಬಗ್ಗೆ ಬಹಳ ಹಿಂದೆಯೇ ಗುಮಾನಿ ಬಂದಿದೆ. ಅಮೆರಿಕದಲ್ಲಿ ಸ್ಟೀವನ್ ಕಮಿಂಗ್ಸ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದ್ದು ಇದನ್ನೇ: ಬಿದ್ದದ್ದು ದಾಖಲಾಗಿರುವ ವೃದ್ಧರಲ್ಲೂ ಎಷ್ಟೋ ಜನ, ಕೆಲವು ತಿಂಗಳ ನಂತರ ಕೇಳಿದರೆ, ಬಿದ್ದೇ ಇಲ್ಲ ಎನ್ನುತ್ತಾರೆ. ಅದಕ್ಕೆ ಅವರು ಕೊಟ್ಟ ಹೆಸರು ಮರೆವು. ಆದ್ದರಿಂದಲೇ ಇಂದಿನ ಒಳ್ಳೆಯ ಅಧ್ಯಯನಗಳು ನೆನಪನ್ನು ನೆಚ್ಚುವುದಿಲ್ಲ. ಮನೆಗೊಂದು ಕ್ಯಾಲೆಂಡರ್ ಕೊಟ್ಟು, ಬಿದ್ದ ದಿನಕ್ಕೆ ಅಂದೇ ಗುರುತು ಹಾಕಿ, ತಿಂಗಳಿಗೊಮ್ಮೆ ಕಳಿಸಲು ಹೇಳುತ್ತವೆ. ಉಪಾಯ ಒಳ್ಳೆಯದೇ. ಆದರೆ ನಮ್ಮ ಪಡಸಾಲೆಯ ಗೋಡೆಗೆ ಆ ಕ್ಯಾಲೆಂಡರ್ ತೂಗುಹಾಕಿದ್ದನ್ನು ಕಲ್ಪಿಸಿಕೊಂಡರೆ ನಗು ಬರುತ್ತದೆ. ಹಾಲಿನ ಲೆಕ್ಕ ನೋಡಲು ಬಂದ ಅಣ್ಣನ ಕಣ್ಣಿಗೆ ಮೊದಲು ಬೀಳುವುದೇ ಆ ಗುರುತು. ಮರೆವಿಗೆ ಕ್ಯಾಲೆಂಡರ್ ಮದ್ದಾದೀತು, ಮರೆಮಾಚುವುದಕ್ಕೆ ಆಗದು.

ಹಾಗಾದರೆ ಅವ್ವ ಮರೆಮಾಚುವುದನ್ನು ಕಲಿತದ್ದು ಎಲ್ಲಿ? ಮೊದಲ ಸಲ ಬಿದ್ದಾಗ ಆಕೆ ಮುಚ್ಚಿಟ್ಟಿರಲಿಲ್ಲ. ಅದೊಂದು ಮಳೆಗಾಲ. ನಮ್ಮ ಎರೆ ಮಣ್ಣಿನ ರಾಡಿ ಗೊತ್ತಿದ್ದವರಿಗೆ ಗೊತ್ತು. ಚಪ್ಪಲಿಗೆ ಮೆತ್ತಿಕೊಂಡರೆ ಹೆಜ್ಜೆಗೊಂದು ಸೇರು ಭಾರ, ಬಿಟ್ಟು ಬರಿಗಾಲಲ್ಲಿ ನಡೆದರೆ ಎಣ್ಣೆಯ ಮೇಲೆ ನಡೆದಂತೆ. ಕೊಟ್ಟಿಗೆಯ ಮುಂದೆ ಜಾರಿ ಕೂತು, ಎದ್ದು, ಸೀರೆ ಬದಲಿಸಿ ಬಂದು, ತಾನೇ ನಗುತ್ತ ಎಲ್ಲರಿಗೂ ಹೇಳಿದ್ದಳು. ಹೇಳಿದ್ದಕ್ಕೆ ಆದದ್ದೇನು? ಮರುದಿನದಿಂದ ಕೊಟ್ಟಿಗೆ ಬಂದ್ ಆಯಿತು. ಆಮೇಲೆ ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತುವುದು, ಆಮೇಲೆ ಸಂಜೆಯ ಗುಡಿ. "ನೀ ಕುಂದ್ರಬೇ, ನಾ ತರ್ತೀನಿ." ಈ ಮಾತು ಅಣ್ಣ ಹೇಳುತ್ತಾನೆ, ಮೊಮ್ಮಕ್ಕಳು ಹೇಳುತ್ತಾರೆ, ಧಾರವಾಡದಲ್ಲಿ ಕೂತ ನಾನೂ ಫೋನಿನಲ್ಲಿ ಹೇಳುತ್ತೇನೆ. ಪ್ರೀತಿಯಿಂದಲೇ ಹೇಳುತ್ತೇವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರೀತಿಯ ಮಾತಿಗೂ ಫಲವೆಂಬುದಿದೆ. ಒಮ್ಮೆ ಬಿದ್ದದ್ದನ್ನು ಬಾಯಿಬಿಟ್ಟರೆ ಇಷ್ಟು ಹೋಗುತ್ತದೆ ಎಂಬ ಲೆಕ್ಕ ಅವ್ವನಿಗೆ ಸಿಕ್ಕಿತು. ಶಾಲೆಯಲ್ಲಿ ಪೆಟ್ಟು ತಿಂದ ಹುಡುಗ ಮನೆಯಲ್ಲಿ ಹೇಳದಿರಲು ಎಷ್ಟು ಬುದ್ಧಿ ಬೇಕೋ, ಎಂಬತ್ತರ ಹತ್ತಿರದವರು ಜಾರಿದ್ದನ್ನು ಹೇಳದಿರಲೂ ಅಷ್ಟೇ ಸಾಕು.

ಬರ್ಮಿಂಗ್‌ಹ್ಯಾಮಿನ ವೃದ್ಧವೈದ್ಯ ಬರ್ನಾರ್ಡ್ ಐಸಾಕ್ಸ್ ಮತ್ತು ಅವರ ಸಹೋದ್ಯೋಗಿ ಮರ್ಫಿ 1982ರಲ್ಲಿ ಒಂದು ಸ್ಥಿತಿಯನ್ನು ವರ್ಣಿಸಿದರು. ಬಿದ್ದು ಆಸ್ಪತ್ರೆ ಸೇರಿದ ಕೆಲವು ಮುದುಕರಿಗೆ ಎಲುಬು ಮುರಿದಿಲ್ಲ, ನರಕ್ಕೆ ಧಕ್ಕೆಯಾಗಿಲ್ಲ. ಆದರೂ ನಿಲ್ಲಿಸಿದರೆ ಕಂಡದ್ದನ್ನೆಲ್ಲ ತಬ್ಬಿ ಹಿಡಿಯುತ್ತಾರೆ, ಹೆಜ್ಜೆ ಕಿತ್ತಿಡಲಾರರು. ಬಿದ್ದದ್ದು ದೇಹ, ಏಳದೆ ಉಳಿದದ್ದು ಧೈರ್ಯ. 1990ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೇರಿ ಟಿನೆಟ್ಟಿ ಈ ಭಯವನ್ನು ಅಳೆಯಲು ಹತ್ತು ಪ್ರಶ್ನೆಗಳ ಒಂದು ಮಾಪಕ ಕಟ್ಟಿದರು. ಸ್ನಾನ ಮಾಡುವಾಗ, ಬಟ್ಟೆ ಉಡುವಾಗ, ಹಾಸಿಗೆಯಿಂದ ಏಳುವಾಗ, ಬಾಗಿಲು ತೆರೆಯಲು ಹೋಗುವಾಗ, ಬೀಳಲಾರೆನೆಂಬ ಭರವಸೆ ನಿಮಗೆಷ್ಟಿದೆ ಎಂದು ಅದು ಕೇಳುತ್ತದೆ. ಅದನ್ನು ಓದುತ್ತ ನನಗೆ ಅನಿಸಿದ್ದು ಬೇರೆ. ನಮ್ಮ ಮನೆಯಲ್ಲಿ ಈ ಹತ್ತೂ ಪ್ರಶ್ನೆಗಳನ್ನು ಅವ್ವನಿಗೆ ಕೇಳಿದರೆ ಪೂರ್ತಿ ಭರವಸೆಯ ಉತ್ತರವೇ ಬರುತ್ತದೆ. ಅಣ್ಣನಿಗೆ ಕೇಳಿದರೆ ಹತ್ತರಲ್ಲೂ ಭಯ. ಬೀಳುವ ಭಯ ಬೀಳುವವರಲ್ಲೇ ಇರುತ್ತದೆ ಎಂಬುದು ಒಬ್ಬಂಟಿಯಾಗಿ ಬದುಕುವವರ ನಾಡಿನ ಊಹೆ. ತುಂಬಿದ ಮನೆಯಲ್ಲಿ ಭಯ ಮಗನಿಗೆ, ಸಪ್ಪಗಾಗುವುದು ತಾಯಿಯ ಕಾಲು.

ಅಣ್ಣನ ಭಯವನ್ನು ಹಗುರ ಮಾಡುವುದು ನ್ಯಾಯವಲ್ಲ. ಬೀಳುವುದು ಸಣ್ಣ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದ್ದೇ, ಮತ್ತು ಅದರಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳದ್ದು. ಅಂಕಿ ಬೇಡವೆಂದರೆ ನಮ್ಮ ಓಣಿಯೇ ಸಾಕು. ಹೊಸ್ತಿಲು ಎಡವಿ ಟೊಂಕದ ಎಲುಬು ಮುರಿದುಕೊಂಡ ಒಬ್ಬ ಹಿರಿಯರು ಹಾಸಿಗೆ ಹಿಡಿದವರು ಮತ್ತೆ ಅಂಗಳ ಕಾಣಲಿಲ್ಲ. ಅವರನ್ನು ಹೊರಳಿಸಿ ಮಲಗಿಸುವುದಕ್ಕೆ ಅಣ್ಣನೂ ದಿನಾ ಹೋಗುತ್ತಿದ್ದ. ಅವನ ಕಣ್ಣಲ್ಲಿ ಆ ಹಾಸಿಗೆ ಇದೆ. "ನೀ ಕುಂದ್ರಬೇ" ಎನ್ನುವಾಗ ಅವನು ನೋಡುತ್ತಿರುವುದು ಅವ್ವನನ್ನಲ್ಲ, ಆ ಹಾಸಿಗೆಯನ್ನು. ಇದು ಗೊತ್ತಿದ್ದೂ ನಾನು ಕೇಳಬೇಕಾದ ಪ್ರಶ್ನೆ ಹಾಗೇ ಉಳಿಯುತ್ತದೆ. ಕೂಡಿಸುವುದರಿಂದ ಆ ಹಾಸಿಗೆ ದೂರವಾಗುತ್ತದೆಯೋ, ಹತ್ತಿರವಾಗುತ್ತದೆಯೋ?

ಉತ್ತರದ ಒಂದು ತುದಿ ಬೆಳಗಾವಿಯಲ್ಲೇ ಸಿಕ್ಕಿತ್ತು. ಹುಡುಗಿ ಕೈಯುಳ್ಳ ಒಂದು ಕುರ್ಚಿ ಇಟ್ಟು, ಮೂರು ಮೀಟರ್ ದೂರದಲ್ಲಿ ನೆಲಕ್ಕೆ ಟೇಪು ಅಂಟಿಸಿ, "ಎದ್ದು ಅಲ್ಲಿತನಕ ನಡದು ಹೊಳ್ಳಿ ಬಂದು ಕುಂದ್ರಿ" ಎಂದಳು. ಈ ಪರೀಕ್ಷೆಯ ಮೊದಲ ರೂಪ 1986ರದ್ದು, ಅದರ ಕರ್ತೃಗಳಲ್ಲೂ ಐಸಾಕ್ಸ್ ಇದ್ದಾರೆ. ಅದಕ್ಕೆ ಗಡಿಯಾರ ಕಟ್ಟಿದವರು ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್, 1991ರಲ್ಲಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಲ್ಲಿ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕು. ಅವ್ವ ಎಡಗೈಯಲ್ಲಿ ನೆರಿಗೆಯನ್ನು ನಾಕು ಬೆರಳು ಮೇಲೆತ್ತಿ ಹಿಡಿದು ನಡೆದಳು, ಟೇಪಿನ ಹತ್ತಿರ ನಿಂತು ಇನ್ನೊಬ್ಬ ಪೇಷಂಟಿನ ಊರು ಯಾವುದೆಂದು ವಿಚಾರಿಸಿದಳು, ಆಮೇಲೆ ತಿರುಗಿದಳು. ಗಡಿಯಾರ ಪಾಪ ಓಡುತ್ತಲೇ ಇತ್ತು.

ಇಲ್ಲೊಂದು ಅಡ್ಡಮಾತು. ಸ್ವೀಡನ್ನಿನ ಉಮೆಯೊ ನಗರದಲ್ಲಿ ಲುಂಡಿನ್-ಓಲ್ಸನ್ ಮತ್ತು ಸಂಗಡಿಗರು 58 ವೃದ್ಧರ ಜೊತೆ ನಡೆಯುತ್ತ ಮಾತಿಗೆಳೆದು ನೋಡಿದರು. ಮಾತಾಡಲು ನಡಿಗೆ ನಿಲ್ಲಿಸಿದವರು 12 ಮಂದಿ. ಮುಂದಿನ ಆರು ತಿಂಗಳಲ್ಲಿ ಅವರಲ್ಲಿ 10 ಮಂದಿ ಬಿದ್ದರು. 1997ರ ಈ ಪುಟ್ಟ ವರದಿ ಬಹಳ ಹೆಸರು ಮಾಡಿತು, ಏಕೆಂದರೆ ನಡಿಗೆಗೂ ಗಮನ ಬೇಕು, ವಯಸ್ಸಾದಂತೆ ಅದು ಹೆಚ್ಚು ಬೇಕು ಎಂಬುದನ್ನು ಅದು ಯಾವ ಯಂತ್ರವೂ ಇಲ್ಲದೆ ತೋರಿಸಿತು. ನಮ್ಮ ಊರಲ್ಲಿ ಈ ಪರೀಕ್ಷೆ ಮಾಡಿದರೆ ಬಸ್‌ಸ್ಟ್ಯಾಂಡಿನಿಂದ ಗುಡಿಯ ತನಕ ಇಡೀ ಊರೇ ಬೀಳುವವರ ಪಟ್ಟಿಗೆ ಸೇರುತ್ತದೆ. ನಡೆಯುತ್ತ ಮಾತಾಡಿಸಿದರೆ ಅದು ಅವಸರ, ನಿಂತು ಮಾತಾಡಿಸಿದರೆ ಮರ್ಯಾದೆ. ಪರೀಕ್ಷೆ ತಪ್ಪೆಂದಲ್ಲ, ಅದು ಎಲ್ಲಿ ಹುಟ್ಟಿತೋ ಅಲ್ಲಿನ ಬದುಕನ್ನು ಜೊತೆಗೆ ತಂದಿರುತ್ತದೆ.

ಕುರ್ಚಿಯೂ ಹಾಗೆಯೇ. ಅವ್ವ ತನ್ನ ಆಯುಷ್ಯದ ಬಹುಪಾಲು ಕುರ್ಚಿಯಿಂದ ಎದ್ದವಳಲ್ಲ, ನೆಲದಿಂದ ಎದ್ದವಳು. ಒಲೆಯ ಮುಂದೆ ಒಂದು ಮಂಡಿ ಮಡಚಿ ಒಂದು ಮಂಡಿ ಎತ್ತಿ ಕೂತು ರೊಟ್ಟಿ ಬಡಿದದ್ದು, ಕಸ ಹೊಡೆದದ್ದು, ಕಾಳು ಹಸನು ಮಾಡಿದ್ದು, ಉಂಡದ್ದು, ಮಲಗಿದ್ದು ಎಲ್ಲ ನೆಲದ ಮೇಲೆ. ದಿನಕ್ಕೆ ಅದೆಷ್ಟು ಸಲ ಕೂತು ಎದ್ದಳೋ. ಬ್ರೆಜಿಲ್ ದೇಶದ ಕ್ಲಾಡಿಯೊ ಅರಾವುಜೊ ಎಂಬ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ವಸ್ತು ಇದೇ ಆಗಿತ್ತು. 51ರಿಂದ 80 ವಯಸ್ಸಿನ 2,002 ಜನರಿಗೆ ಅವರು ನೆಲದ ಮೇಲೆ ಕೂತು ಏಳಲು ಹೇಳಿದರು. ಕೂಡಲು ಐದು ಅಂಕ, ಏಳಲು ಐದು. ಕೈ ಊರಿದರೆ, ಮೊಣಕಾಲು ಊರಿದರೆ ಒಂದೊಂದು ಅಂಕ ಕಡಿತ. ಅಂಕ ತೀರ ಕಡಿಮೆ ಬಂದವರಲ್ಲಿ ಮುಂದಿನ ವರ್ಷಗಳ ಸಾವು ಹೆಚ್ಚಿತ್ತು. ನೆಲದಿಂದ ಏಳುವುದು ಆಯುಷ್ಯವನ್ನು ಬೆಳೆಸುತ್ತದೆ ಎಂದು ಇದರಿಂದ ಹೇಳಲು ಬರುವುದಿಲ್ಲ. ಏಳುವ ಶಕ್ತಿಯಲ್ಲಿ ದೇಹದ ಬಹಳಷ್ಟು ಸಂಗತಿಗಳು ಒಟ್ಟಿಗೆ ಕಾಣುತ್ತವೆ ಎನ್ನಬಹುದು. ಈಗ ನಮ್ಮ ಮನೆಗೆ ಗ್ಯಾಸ್ ಕಟ್ಟೆ ಬಂದಿದೆ, ಮಂಚ ಬಂದಿದೆ, ಪ್ಲಾಸ್ಟಿಕ್ ಕುರ್ಚಿ ಬಂದಿದೆ. ಮೊಣಕಾಲು ಸವೆದವಳಿಗೆ ಇವೆಲ್ಲ ಉಪಕಾರವೇ. ಆದರೆ ನೆಲದ ಗುರುತು ತಪ್ಪಿದ ದೇಹ, ಅಕಸ್ಮಾತ್ ನೆಲಕ್ಕೆ ಬಂದರೆ, ಅಲ್ಲಿಂದ ಏಳುವ ದಾರಿ ಮರೆತಿರುತ್ತದೆ. ಟಿನೆಟ್ಟಿಯವರದೇ ಇನ್ನೊಂದು ಅಧ್ಯಯನದಲ್ಲಿ, 1993ರದ್ದು, ಬಿದ್ದರೂ ಪೆಟ್ಟಾಗದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ, ಒಮ್ಮೆಯಾದರೂ, ತಾವಾಗಿ ಏಳಲಾರದೆ ಉಳಿದಿದ್ದರು. ಅವ್ವ ಬಚ್ಚಲಲ್ಲಿ ಬಿದ್ದು ಯಾರನ್ನೂ ಕರೆಯದೆ ಎದ್ದಳಲ್ಲ, ಮರೆಮಾಚಲು ಸಾಧ್ಯವಾದದ್ದೂ ಆ ಶಕ್ತಿ ಇನ್ನೂ ಉಳಿದಿದ್ದರಿಂದ.

ಉತ್ತರದ ಇನ್ನೊಂದು ತುದಿ ಹುಡುಗಿ ಕೊಟ್ಟ ವ್ಯಾಯಾಮದ ಹಾಳೆಯಲ್ಲಿತ್ತು. ಕಟ್ಟೆ ಹಿಡಿದು ಒಂದೇ ಕಾಲ ಮೇಲೆ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಗೆರೆ ಹಿಡಿದಂತೆ ನಡೆಯುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ಕ್ಯಾಥರೀನ್ ಶೆರಿಂಗ್ಟನ್ ಮತ್ತು ಸಂಗಡಿಗರು 2019ರಲ್ಲಿ 108 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿ, ವ್ಯಾಯಾಮದಿಂದ ಬೀಳುವ ಪ್ರಮಾಣ ಶೇಕಡಾ 23ರಷ್ಟು ತಗ್ಗುತ್ತದೆ ಎಂದು ಕಂಡರು. ಅದರಲ್ಲೂ ಫಲ ಕೊಡುವುದು ಸಮತೋಲಕ್ಕೆ ಸವಾಲು ಹಾಕುವ ವ್ಯಾಯಾಮ. ದೇಹ ತುಸು ವಾಲಬೇಕು, ವಾಲಿದ್ದನ್ನು ತಾನೇ ಹಿಡಿದು ನಿಲ್ಲಿಸಿಕೊಳ್ಳಬೇಕು. ಈ ಸಂಗತಿ ನನ್ನಲ್ಲಿ ಬಹಳ ಹೊತ್ತು ಸುತ್ತಾಡಿತು. ಬೀಳದಿರಬೇಕಾದರೆ ಬೀಳುವುದರ ಅಂಚಿಗೆ ದಿನಾ ಸ್ವಲ್ಪ ಹೊತ್ತು ಹೋಗಿ ಬರಬೇಕು. ಕ್ಷೇಮವೆಂದರೆ ಅಪಾಯ ಇಲ್ಲದಿರುವುದು ಎಂದು ನಂಬಿಕೊಂಡು ಬಂದ ನನ್ನಂಥವರಿಗೆ ಇದು ಸುಲಭಕ್ಕೆ ಒಪ್ಪಿಗೆಯಾಗುವ ಮಾತಲ್ಲ. ಮಕ್ಕಳಿಗೆ ನಡೆಯಲು ಕಲಿಸುವಾಗ ನಾವೇ ಈ ನಿಯಮ ಪಾಲಿಸುತ್ತೇವೆ, ಬಿಟ್ಟು ದೂರ ನಿಂತು ಕೈ ಚಾಚುತ್ತೇವೆ. ಮುದುಕರ ವಿಷಯಕ್ಕೆ ಬಂದಾಗ ಮಾತ್ರ ಕೈ ಚಾಚುವುದು ಬಿಟ್ಟು ಕೂಡಿಸಿಬಿಡುತ್ತೇವೆ.

ಹಾಗೆಂದು ಆಸರೆ ಬೇಡವೆಂದಲ್ಲ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು ಕೋಲಾರದ ಕಡೆಯ ಬೆಳ್ಳೂರಿನವರು. ಆಗ ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆಯವರು ಅವರ ವಿದ್ಯೆಗೆ ಮನಸೋತದ್ದರಿಂದಲೇ ಅಯ್ಯಂಗಾರರು ಮುಂದೆ 1937ರಲ್ಲಿ ಪುಣೆ ಸೇರಿದರು. ಯೋಗಕ್ಕೆ ಗೋಡೆ, ಕುರ್ಚಿ, ಹಗ್ಗ, ಮರದ ಇಟ್ಟಿಗೆಗಳ ಆಸರೆಯನ್ನು ಅವರು ನಾಚಿಕೆಯಿಲ್ಲದೆ ತಂದರು. ಆಸರೆ ಹಿಡಿದವನೂ ಆಸನವನ್ನೇ ಮಾಡುತ್ತಾನೆ, ಆಸರೆಯಿಂದ ಕೆಲಸ ತಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಆಸರೆಯ ಕಥೆ ಬೇರೆಯೇ ಆಯಿತು. ಬೆಳಗಾವಿಯಿಂದ ಬಂದ ಮೇಲೆ ಅಣ್ಣ ಗೌಂಡಿಯನ್ನು ಕರೆಸಿ ಬಚ್ಚಲ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿದ. ಹೊಸ ಟೈಲ್ಸಿಗೆ ತೂತು ಕೊರೆಯುವುದು ಅವನಿಗೆ ಸಂಕಟವೇ, ಆದರೂ ಹಾಕಿಸಿದ. ಗೌಂಡಿ ತನ್ನ ಎತ್ತರಕ್ಕೆ ಅಳತೆ ನೋಡಿ ಹಾಕಿಹೋದ. ಅವ್ವನ ಕೈಗೆ ಅದು ಕೂತಾಗ ಎಟಕುವುದಿಲ್ಲ, ನಿಂತಾಗ ಬೇಕಾಗುವುದಿಲ್ಲ. ಅದರ ಮೇಲೀಗ ಆಕೆಯ ಒದ್ದೆ ಕುಬಸ ಒಣಗುತ್ತದೆ. ಹಾಕುವ ಮೊದಲು ಯಾರೂ "ಎಲ್ಲಿ ಬೇಕಬೇ?" ಎಂದು ಕೇಳಲಿಲ್ಲ. ಕೇಳಿದ್ದರೂ ಎಲ್ಲಿ ಬಿದ್ದೆ, ಹೇಗೆ ಬಿದ್ದೆ ಎಂಬುದನ್ನು ಹೇಳದೆ ಎಲ್ಲಿ ಬೇಕೆಂದು ಆಕೆ ಹೇಗೆ ಹೇಳಿಯಾಳು?

ಮರೆಮಾಚಿದ್ದರ ನಿಜವಾದ ನಷ್ಟ ಇದು. ಬಿದ್ದ ಸುದ್ದಿಯ ಜೊತೆಗೆ ಬಿದ್ದ ಕಾರಣವೂ ಮುಚ್ಚಿಹೋಗುತ್ತದೆ. ಮುಂದಿನ ಸಲ ಬೆಳಗಾವಿಗೆ ಹೋದಾಗ ಅಣ್ಣ ಬಿಲ್ಲು ಕಟ್ಟಲು ಕೆಳಗೆ ಇಳಿದಿದ್ದ. ಅದೇ ಹುಡುಗಿ ಅವ್ವನ ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಪಟ್ಟಿ ಸುತ್ತುತ್ತಿದ್ದಳು. ಯಾರೂ ಕೇಳದೆ ಅವ್ವ ಹೇಳಿದಳು, "ಒಮ್ಮೆ ಬಿದ್ದೇನ್ರಿ ತಂಗಿ. ಅಂವಗ ಹೇಳಬ್ಯಾಡ್ರಿ." ಹುಡುಗಿ ಗಾಬರಿಯಾಗಲಿಲ್ಲ, ಗದರಲಿಲ್ಲ, ಕೈಯ ಕೆಲಸ ನಿಲ್ಲಿಸಲೂ ಇಲ್ಲ. ಎಷ್ಟು ಹೊತ್ತಿಗೆ? ನಸುಕಿನಲ್ಲಿ. ಏನು ಮಾಡುತ್ತಿದ್ದಿರಿ? ಮಂಚದಿಂದ ಎದ್ದು ನೆಟ್ಟಗೆ ಬಚ್ಚಲಿಗೆ ಹೋಗಿದ್ದೆ. ಜಾರಿತೋ, ತಲೆ ತಿರುಗಿತೋ? "ಕಣ್ಣಿಗಿ ಕತ್ತಲಿ ಬಂದಂಗಾತು." ಅಲ್ಲಿಗೆ ಟೈಲ್ಸು ನಿರಪರಾಧಿಯಾಯಿತು. ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದರು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ಮಿದುಳಿಗೆ ಹೋಗುವ ರಕ್ತ ಆ ಹೊತ್ತಿಗೆ ಕಡಿಮೆಯಾಗುವ ಸಂಭವವಿದೆ. ಬಿ.ಪಿ. ಗುಳಿಗೆ ನುಂಗುವ ಹಿರಿಯರಲ್ಲಿ ಇದು ಅಪರೂಪವಲ್ಲ. ಗುಳಿಗೆ ಬದಲಾಯಿತು. ಎದ್ದ ಕೂಡಲೇ ನಿಲ್ಲಬೇಡಿ, ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಸ್ವಲ್ಪ ಕೂತು ಏಳಿ ಎಂದರು.

ಆ ಹುಡುಗಿ ಮೊದಲ ಸಲ ಕೇಳಿದ ಪ್ರಶ್ನೆಯೂ ಎರಡನೆಯ ಸಲ ಅವ್ವ ಕೊಟ್ಟ ಉತ್ತರವೂ ಒಂದೇ ಸಂಗತಿಗೆ ಸೇರಿದವು. ನಡುವೆ ಬದಲಾದದ್ದು ಕೋಣೆಯಲ್ಲಿ ಯಾರಿದ್ದರು ಎಂಬುದಷ್ಟೇ. ಹಿರಿಯರನ್ನು ಒಬ್ಬರೇ ಇರುವಾಗ ಕೇಳಬೇಕು ಎಂಬುದು ಯಾವ ಉಪಕರಣವೂ ಬೇಡದ ಚಿಕಿತ್ಸೆ. ಆದರೆ ಮಗ ಕರೆದುಕೊಂಡು ಬಂದಿದ್ದಾನೆ, ದುಡ್ಡು ಅವನದು, ಅವನನ್ನು ಹೊರಗೆ ನಿಲ್ಲಿಸಿದರೆ ಅವಮಾನವೆಂದು ತಿಳಿದಾನು ಎಂಬ ಸಂಕೋಚ ನಮ್ಮ ದವಾಖಾನೆಗಳಲ್ಲಿದೆ. ಆ ಸಂಕೋಚವೂ ಮರ್ಯಾದೆಯಿಂದಲೇ ಬಂದದ್ದು, ಅದನ್ನು ದಾಟುವುದು ಹೇಗೆಂದು ನನಗೆ ಸುಲಭ ದಾರಿ ಕಾಣುವುದಿಲ್ಲ.

ಗುಳಿಗೆ ಬದಲಾದಾಗ ಅಣ್ಣನಿಗೆ ವಿಷಯ ತಿಳಿಯಲೇಬೇಕಾಯಿತು. ಅವನು ಸಿಟ್ಟಾದಾನೆಂದು ನಾವು ಅಂದುಕೊಂಡಿದ್ದೆವು, ಅವನು ನೊಂದುಕೊಂಡ. "ನನಗ ಯಾಕ ಹೇಳಲಿಲ್ಲ?" ಎಂದು ಅವ್ವನನ್ನೂ ಕೇಳಿದ, ವೈನಿಯನ್ನೂ ಕೇಳಿದ. ಇಬ್ಬರೂ ಸುಮ್ಮನಿದ್ದರು. ಓಣಿಯ ಬಾಯಿಗೆ ಹೆದರಿ ವೈನಿ ಮುಚ್ಚಿಟ್ಟಳೆಂದರೆ ಅದಕ್ಕೆ ಅವನೊಬ್ಬನೇ ಹೊಣೆಯಲ್ಲ. ಅತ್ತೆ ಬಿದ್ದರೆ ಸೊಸೆಯನ್ನು ಕೇಳುವ ಊರು, ಮಗನನ್ನು ಕೇಳುವುದಿಲ್ಲ. ಬಚ್ಚಲಿಗೆ ದೀಪ ಯಾಕೆ ಇರಲಿಲ್ಲ, ಹಿಡಿಕೆ ಯಾಕೆ ಮೇಲೆ ಕೂತಿದೆ, ಗಟಾರದ ಮೇಲಿನ ಕಲ್ಲು ಯಾಕೆ ಅಲ್ಲಾಡುತ್ತದೆ ಎಂದು ಕೇಳುವುದಂತೂ ಇಲ್ಲವೇ ಇಲ್ಲ. ದೋಷವನ್ನು ಒಬ್ಬ ಹೆಂಗಸಿನ ಮೇಲೆ ಹೊರಿಸಿದ ಕ್ಷಣದಲ್ಲಿ ಕಾರಣ ಹುಡುಕುವ ಕೆಲಸ ನಿಂತುಹೋಗುತ್ತದೆ.

ಈಗ ಮನೆಯಲ್ಲಿ ಹೊಸ ಚರ್ಚೆ ನಡೆದಿದೆ. ಹೊಸ್ತಿಲ ಹುಣ್ಣಿಮೆಗೆ ಗೊಡಚಿಯ ವೀರಭದ್ರದೇವರ ಜಾತ್ರೆ. ಚಿಕ್ಕಂದಿನಲ್ಲಿ ಅವ್ವ ಅಲ್ಲಿಗೆ ಬರಿಗಾಲಲ್ಲಿ ನಡೆದು ಹೋಗುತ್ತಿದ್ದಳಂತೆ. ಈ ಸಲ ಹೋಗಲೇಬೇಕೆಂದು ಹಟ ಹಿಡಿದಿದ್ದಾಳೆ. ಅಣ್ಣ ಗದ್ದಲ ಎನ್ನುತ್ತಾನೆ, ವೈನಿ ನಾನೂ ಜೊತೆಗೆ ಹೋಗುತ್ತೇನೆ ಎನ್ನುತ್ತಾಳೆ. ಹೋಗಬಾರದು ಎಂಬಲ್ಲಿಂದ ಶುರುವಾದ ಮಾತು, ಹೋಗುವುದಾದರೆ ಹೇಗೆ ಎಂಬಲ್ಲಿಗೆ ಬಂದಿದೆ, ಅದೇ ಒಂದು ದೊಡ್ಡ ನಡಿಗೆ. ಅಣ್ಣ ಕಾರು ಹೇಳುತ್ತೇನೆ ಎಂದ. ಸಾರಿಗೆ ಬಸ್ಸಿನ ಮೊದಲ ಮೆಟ್ಟಿಲು ಅವ್ವನ ಮೊಣಕಾಲಿಗೆ ಬರುವಷ್ಟು ಎತ್ತರ, ಅದನ್ನು ಹತ್ತಿ ಇಳಿಯುವುದು ಬೆಳಗಾವಿಯ ಯಾವ ಪರೀಕ್ಷೆಗಿಂತಲೂ ಕಠಿಣ. ಜಾತ್ರೆಯ ದಿನ ಹಿಂದಿನಿಂದ ನೂಕುವವರು ಬೇರೆ. ಮೆಟ್ಟಿಲು ಹಾಗೇಕಿದೆ ಎಂದು ಡಿಪೋದವರಿಗೆ ಒಂದು ಅರ್ಜಿ ಬರೆಯಬೇಕೆಂದಿದ್ದೇನೆ. ಅವ್ವನಿಗೆ ಅದರ ಚಿಂತೆಯಿಲ್ಲ. 2023ರ ಜೂನಿನಿಂದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿಲ್ಲ, ಪುಕ್ಕಟೆ ಬಸ್ಸು ಮನೆ ಮುಂದೆ ನಿಂತಿರುವಾಗ ಕಾರಿಗೆ ದುಡ್ಡು ಸುರಿಯುವ ಶಾಣ್ಯಾ ಯಾರು ಎಂದು ಕೇಳುತ್ತಿದ್ದಾಳೆ.